ನಗೂ ಮಂದಿ

ಕನ್ನಡ ಸಿನಿಮಾದಲ್ಲಿ ಜೋಳದ ರೊಟ್ಟಿ ತಿನ್ನುವವನು ನಾಯಕನಾಗುವುದು ಬಹುಕಾಲ ಅಪರೂಪವೇ ಆಗಿತ್ತು. ತಲೆಗೆ ರುಮಾಲು, ತುಟಿಯ ಮೇಲೆ ಹುರಿಮೀಸೆ, ಬಾಯಲ್ಲಿ 'ಲೇ ಮಗನ' – ಇಷ್ಟಾದರೆ ಸಾಕು, ಅವನು ಉತ್ತರ ಕರ್ನಾಟಕದ ಹಳ್ಳಿಯವನು. ಅವನು ಬಂದಾಗ ನಗಬೇಕೋ ಹೆದರಬೇಕೋ ಎಂಬುದಷ್ಟೇ ಪ್ರೇಕ್ಷಕನ ಪ್ರಶ್ನೆ. ಪ್ರೀತಿಸುವ, ಅಳುವ, ವಿಚಾರ ಮಾಡುವ ಕೆಲಸವೆಲ್ಲ ಮೈಸೂರು ಕಡೆಯ ಮಾತಿನವರಿಗೆ ಮೀಸಲು.

ಹಾಗೆಂದು ನಾವೇನೂ ಕಡಿಮೆ ನಗುವವರಲ್ಲ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಸುಮಾರು 20 ಕಿಲೋಮೀಟರು. 1962ರಲ್ಲಿ ಎರಡೂ ಊರನ್ನು ಕೂಡಿಸಿ ಒಂದೇ ಮಹಾನಗರಪಾಲಿಕೆ ಮಾಡಿದರು. ನಗೆಯ ಗಡಿಯನ್ನು ಮಾತ್ರ ಯಾರೂ ಅಳಿಸಲಿಲ್ಲ. ಹುಬ್ಬಳ್ಳಿಯವನು ದೇವರಿಗೆ ಕೈಮುಗಿಯುವಾಗಲೂ ಬಡ್ಡಿಯ ಲೆಕ್ಕ ಹಾಕುತ್ತಾನೆಂದು ಧಾರವಾಡದವರ ಚೇಷ್ಟೆ. ಧಾರವಾಡದವನು ಮಳೆಯ ಮೇಲೆ ಕವಿತೆ ಬರೆಯುತ್ತ ಕೊಡೆ ಮರೆತು ಬರುತ್ತಾನೆಂದು ಹುಬ್ಬಳ್ಳಿಯವರ ಉತ್ತರ. ಇಬ್ಬರೂ ಕೂಡಿ, ನವಲಗುಂದದ ಎರೆಹೊಲದಿಂದ ಸಂತೆಗೆ ಬಂದವನನ್ನು 'ಹಳ್ಳ್ಯಾಂವ' ಎನ್ನುತ್ತಾರೆ. ಬೆಂಗಳೂರಿನವರು ಮೂವರನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ನಗೆಯೂ ನೀರಿನ ಹಾಗೆ, ತಗ್ಗು ಕಂಡಲ್ಲಿ ಹರಿಯುತ್ತದೆ.

ಆದರೆ ಹಳ್ಳಿಯವರು ಬರೀ ನಗೆಗೀಡಾಗುವವರು ಎಂದುಕೊಂಡವರು ಸಂತೆಗೆ ಹೋದವರಲ್ಲ. ಒಮ್ಮೆ ಧಾರವಾಡದ ಸೂಪರ್ ಮಾರ್ಕೆಟ್ಟಿನಲ್ಲಿ, ಬೆಂಗಳೂರಿನಿಂದ ಬಂದಿದ್ದ ನನ್ನ ಸ್ನೇಹಿತರೊಬ್ಬರು ಪಲ್ಯ ಮಾರುವ ಮುದುಕಿಯನ್ನು ದರ ಕೇಳಿದರು. ಆಕೆ ಹೇಳಿದಳು. ಇವರಿಗೆ ಆ ರಾಗ ಬಹಳ ಹಿಡಿಸಿಬಿಟ್ಟಿತು.

"ಅಜ್ಜಿ, ಇನ್ನೊಂದ್ಸಲ ಹೇಳಿ. ಸಿನಿಮಾ ನೋಡಿದ ಹಾಗಾಗುತ್ತೆ."

"ಹೇಳತೀನಿ ತಮ್ಮಾ. ಆದ್ರ ಸಿನಿಮಾದ ಟಿಕೀಟು ಬ್ಯಾರೆ ಐತಿ. ಪಲ್ಲೇದ ರೊಕ್ಕದಾಗ ಬರೂದಿಲ್ಲ."

ಸುತ್ತಲಿನವರೆಲ್ಲ ನಕ್ಕರು. ಸ್ನೇಹಿತರೂ ನಕ್ಕು, ಚೌಕಾಸಿ ಮಾಡದೆ ಎರಡು ಸಿವುಡು ಮೆಂತ್ಯ ಕೊಂಡರು. ಆ ನಗೆಯ ಹಗ್ಗ ಮುದುಕಿಯ ಕೈಯಲ್ಲಿತ್ತು. ಎಷ್ಟು ಬಿಡಬೇಕು, ಎಲ್ಲಿ ಜಗ್ಗಬೇಕು ಎಂಬುದು ಆಕೆಗೆ ಗೊತ್ತಿತ್ತು.

ನನ್ನ ದೊಡ್ಡವ್ವನ ಕೈಯಲ್ಲಿ ಆ ಹಗ್ಗ ಉಳಿಯಲಿಲ್ಲ. ವಯಸ್ಸಾದ ಮೇಲೆ ಆಕೆ, ದೊಡ್ಡಪ್ಪ ಇಬ್ಬರೂ ಬೆಂಗಳೂರಿಗೆ ಮಗನ ಮನೆಗೆ ಹೋದರು. ಅಕ್ಕಪಕ್ಕದ ಹೆಣ್ಣುಮಕ್ಕಳು ಬಂದು, "ನಿಮ್ಮ ಭಾಷೇಲಿ ಏನಾದ್ರೂ ಮಾತಾಡಿ ಅಜ್ಜಿ" ಎನ್ನುತ್ತಿದ್ದರು. ಪ್ರೀತಿಯಿಂದಲೇ ಅನ್ನುತ್ತಿದ್ದರು. ದೊಡ್ಡವ್ವನೂ ಪ್ರೀತಿಯಿಂದಲೇ ಮಾತಾಡಿ, ಬೇಕೆಂದರೆ ಬೈದೂ ತೋರಿಸುತ್ತಿದ್ದಳು.

ಒಂದು ದಿನ ಮುಂಜಾನೆ ದೊಡ್ಡಪ್ಪ ತೀರಿಕೊಂಡರು. ದೊಡ್ಡವ್ವ ತಲೆದೆಸೆಯಲ್ಲಿ ಕೂತು, ನಮ್ಮ ಕಡೆಯ ಹೆಂಗಸರು ಅಳುವಂತೆ ಹಾಡಾಡಿಕೊಂಡು ಅತ್ತಳು. "ಹೇಳದ ಕೇಳದ ಹ್ಯಾಂಗ ಹೋದ್ರಿ… ರೊಟ್ಟಿ ಯಾರಿಗೆ ಬಡೀಲಿ ನಾ…" ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಆರು ವರ್ಷದ ಹುಡುಗ ಕಿಸಕ್ಕನೆ ನಕ್ಕುಬಿಟ್ಟ. ಹುಡುಗನ ತಪ್ಪೇನೂ ಇರಲಿಲ್ಲ. ಟೀವಿಯಲ್ಲಿ ಈ ರಾಗ ಬಂದಾಗಲೆಲ್ಲ ಮನೆಮಂದಿ ನಗುವುದನ್ನು ಅವನು ಕಂಡಿದ್ದ. ಈ ರಾಗದಲ್ಲಿ ಯಾರಾದರೂ ಅಳಬಹುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ತಾಯಿ ಅವನ ಬಾಯಿ ಮುಚ್ಚಿ ಎಳೆದುಕೊಂಡು ಹೋದಳು. ದೊಡ್ಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುಂದೆ ಅತ್ತದ್ದೆಲ್ಲ ದನಿಯಿಲ್ಲದೆ.

ಆಮೇಲೆ ಹೊರಗಿನವರೆದುರು ಆಕೆ ಬಾಯಿ ಬಿಟ್ಟದ್ದು ಕಡಿಮೆ. ಬಹಳ ಶಾಂತ ಸ್ವಭಾವದವರು ಎಂದು ಓಣಿಯವರೆಲ್ಲ ಹೊಗಳಿದರು.

ಬೇಂದ್ರೆಯವರು ಮಗುವನ್ನು ಕಳೆದುಕೊಂಡ ಸಂಕಟವನ್ನು ಧಾರವಾಡದ ಇದೇ ಆಡುಮಾತಿನಲ್ಲಿ ಕವಿತೆಯಾಗಿಸಿದರು. ಕೇಳಿದವರ ಗಂಟಲು ಕಟ್ಟಿತೇ ಹೊರತು ನಗೆ ಬರಲಿಲ್ಲ. ಬೈಲಹೊಂಗಲ ಸೀಮೆಯ 'ಸಂಗ್ಯಾ ಬಾಳ್ಯಾ' ಸಣ್ಣಾಟದಲ್ಲಿ ಗೆಳೆತನ, ಮೋಹ, ದ್ರೋಹ, ಕೊಲೆ ಎಲ್ಲವೂ ಇದೇ ಮಾತಿನಲ್ಲೇ ನಡೆಯುತ್ತವೆ. ಅದೇ ಜನ ಅದೇ ರಾತ್ರಿ ಚೇಷ್ಟೆಯ ಮಾತಿಗೆ ಬಿದ್ದುಬಿದ್ದು ನಗುತ್ತಾರೆ, ಬೆಳಗಿನ ಜಾವಕ್ಕೆ ಕಣ್ಣೊರೆಸಿಕೊಳ್ಳುತ್ತಾರೆ. ಊರವರಿಗೆ ಅದು ತಮಾಷೆಯ ಭಾಷೆಯೂ ಅಲ್ಲ, ದುಃಖದ ಭಾಷೆಯೂ ಅಲ್ಲ, ಬರೀ ಭಾಷೆ.

ನಮ್ಮ ಮಾತಿಗೆ ನಗಬ್ಯಾಡ್ರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಧಾರಾಳವಾಗಿ ನಗ್ರಿ, ನಾವೂ ಕೂಡತೇವಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮಾತ್ರ, ಆ ಮಾತಿನಾಗ ಒಂದೆರಡು ದುಃಖದ ಕತೀನೂ ಕೇಳಸ್ರಿ.