ಸೂರಿನ ಕೆಳಗೆ ಎಷ್ಟು ಜನ?

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮನ ಎದುರು ಜಂಬ ಕೊಚ್ಚಲು ಹೋಗಿ ಪೆಚ್ಚಾದ ಕಥೆ ಇದು.

ನಮ್ಮದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ಅಮ್ಮ ಪ್ರೈಮರಿ ಶಾಲೆ ಟೀಚರ್. 2011ರ ಜನಗಣತಿಗೆ ಮನೆಮನೆ ತಿರುಗಿದವಳು. ನಾನಾಗ ಹೈಸ್ಕೂಲು. ಅದಕ್ಕೂ ಮೊದಲು, 2010ರ ಮನೆಪಟ್ಟಿ ಕೆಲಸದಲ್ಲಿ ಅವಳು ಕೈಯಲ್ಲೇ ನಕ್ಷೆ ಬರೆಯುತ್ತಿದ್ದಳು. ಪಕ್ಕಾ ಮನೆಗೆ ಚೌಕ, ಕಚ್ಚಾ ಮನೆಗೆ ತ್ರಿಕೋನ. ರಬ್ಬರ್ ಹಿಡಿದು ಪಕ್ಕದಲ್ಲಿ ಕೂರುವುದು ನನ್ನ ಡ್ಯೂಟಿ :-)

ಈಗ ನಾನು ಬೆಂಗಳೂರಿನಲ್ಲಿ ಕೋಡ್ ಬರೆಯುವವನು. ಈಚೆಗೆ ಉಪಗ್ರಹ ಚಿತ್ರಗಳಿಂದ ಜನರನ್ನು ಎಣಿಸುವ ವಿಷಯದ ಹುಚ್ಚು ಹತ್ತಿದೆ. ಹತ್ತಿಸಿದ್ದು ಕಾಂಗೋ, ಅದೇ ಕಿನ್ಶಾಸಾ ರಾಜಧಾನಿಯಾಗಿರುವ ದೊಡ್ಡ ಕಾಂಗೋ. ಅಲ್ಲಿ 1984ರಲ್ಲಿ ಜನಗಣತಿ ಆಗಿತ್ತು. ಆಮೇಲೆ ಯುದ್ಧ, ದುಡ್ಡಿಲ್ಲ, ರಸ್ತೆಯಿಲ್ಲ... ಮೂರು ದಶಕ ದಾಟಿದರೂ ಇನ್ನೊಂದು ಆಗಲಿಲ್ಲ. ಎಷ್ಟು ಮಕ್ಕಳಿದ್ದಾರೆ ಅಂತಲೇ ಗೊತ್ತಿಲ್ಲದಿದ್ದರೆ ಎಷ್ಟು ಲಸಿಕೆ ಕಳಿಸುವುದು ಹೇಳಿ?

2017 ಮತ್ತು 2018ರಲ್ಲಿ ಪಶ್ಚಿಮದ ಐದು ಪ್ರಾಂತ್ಯಗಳ ಕೆಲವು ಪುಟ್ಟ ಪುಟ್ಟ ಜಾಗಗಳಲ್ಲಿ ಮಾತ್ರ ಮನೆಮನೆಗೆ ಹೋಗಿ ತಲೆ ಎಣಿಸಿದರು. ಇಡೀ ಪ್ರದೇಶದ ಕಟ್ಟಡಗಳನ್ನು ಉಪಗ್ರಹ ಚಿತ್ರದಿಂದ ಗುರುತಿಸಿದರು. ಎಂಥ ಕಡೆ ಎಷ್ಟು ಕಟ್ಟಡಕ್ಕೆ ಎಷ್ಟು ಜನ ಎಂಬ ಲೆಕ್ಕವನ್ನು ಉಳಿದ ಕಡೆಗೂ ಅನ್ವಯಿಸಿದರು. ಅನ್ನ ಬೆಂದಿದೆಯಾ ಅಂತ ಒಂದಗುಳು ಹಿಚುಕಿ ನೋಡಿದ ಹಾಗೆ! ಲೆಕ್ಕ ಹಾಕಿದ್ದು ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ವರ್ಲ್ಡ್‌ಪಾಪ್ ತಂಡ. ಉತ್ತರ ಒಂದೇ ಸಂಖ್ಯೆಯಲ್ಲ, 'ಇಷ್ಟರಿಂದ ಇಷ್ಟರೊಳಗೆ' ಅಂತ. ಆ ಪ್ರಾಮಾಣಿಕತೆ ನನಗೆ ತುಂಬಾ ಹಿಡಿಸಿತು.

ಸರಿ, ನಮ್ಮೂರಿನ ಮೇಲೂ ಪ್ರಯೋಗ ಮಾಡೋಣ ಅಂತ ಉಚಿತವಾಗಿ ಸಿಗುವ ಕಟ್ಟಡಗಳ ಡೇಟಾ ಇಳಿಸಿಕೊಂಡೆ. ಅಮ್ಮ ತಿರುಗಿದ್ದ ಭಾಗವನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿ, "ನೋಡು, ನೀನು ದಿನಗಟ್ಟಲೆ ಮಾಡಿದ್ದು ನನಗೆ ಎರಡೇ ನಿಮಿಷ!" ಎಂದೆ.

ಅಮ್ಮ ಕನ್ನಡಕ ಏರಿಸಿದಳು. "ಇದು ನಮ್ಮನೆ ಕೊಟ್ಟಿಗೆ ಕಣೋ. ಇದು ಅಡಿಕೆ ತುಂಬಿಡೋ ಗೋದಾಮು. ಈ ಮನೆಯವ್ರು ಬೀಗ ಹಾಕ್ಕೊಂಡು ಶಿವಮೊಗ್ಗಕ್ಕೆ ಹೋಗಿ ಆರು ವರ್ಷ ಆಯ್ತು." ಆಮೇಲೆ ಹಸಿರಿನ ಮೇಲೆ ಬೆರಳಿಟ್ಟು ಕೇಳಿದಳು, "ತೋಟದಾಚೆ ಅಜ್ಜಿ ಮನೆ ಎಲ್ಲಿ?"

ಇರಲಿಲ್ಲ. ಹಲಸಿನ ಮರದಡಿಯ ಆ ಹೆಂಚಿನ ಮನೆ ಚಿತ್ರದಲ್ಲಿ ಕಾಣುವುದೇ ಇಲ್ಲ. ಅಲ್ಲಿ ಅಜ್ಜಿ ಒಬ್ಬರೇ ಇರುವುದು. 2011ರಲ್ಲಿ ಅಮ್ಮ ಎರಡು ಸಲ ಹೋದಾಗಲೂ ಅವರು ಸಿಕ್ಕಿರಲಿಲ್ಲ. ಮೂರನೇ ಸಲ ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೋಗಿ ಬರೆದುಕೊಂಡು ಬಂದಿದ್ದಳು. ಟಾರ್ಚ್ ಹಿಡಿದಿದ್ದವನು ನಾನೇ. ಮರೆತೇಬಿಟ್ಟಿದ್ದೆ.

ಅಮ್ಮನ ಕಾಗದದಲ್ಲಿ ಒಂದಾಗಿದ್ದ ಅಜ್ಜಿ ನನ್ನ ಪ್ರೋಗ್ರಾಮಿನಲ್ಲಿ ಸೊನ್ನೆ.

ಹಾಗಂತ ಮೇಲಿನಿಂದ ನೋಡುವುದು ದಂಡ ಅಂತಲ್ಲ. ಉತ್ತರ ನೈಜೀರಿಯಾದಲ್ಲಿ 2012ರ ಸುಮಾರಿಗೆ ಪೋಲಿಯೋ ಲಸಿಕೆಯವರ ಕೈಬರಹದ ನಕ್ಷೆಗಳಲ್ಲಿ ಇಲ್ಲದ ಎಷ್ಟೋ ಹಳ್ಳಿಗಳು ಉಪಗ್ರಹ ಚಿತ್ರಗಳಿಂದಲೇ ಸಿಕ್ಕಿದ್ದು. ಆದರೆ ಅಲ್ಲೂ ಆ ಎರಡು ಹನಿ ಹಾಕಲು ಯಾರೋ ಒಬ್ಬರು ಮನೆ ಬಾಗಿಲಿಗೆ ಹೋಗಲೇಬೇಕಾಯಿತು.

ಮರುದಿನ ತೋಟ ದಾಟಿ ಹೋಗಿ ಆ ಮನೆಯ ಗುರುತನ್ನು ಮೊಬೈಲಿನಲ್ಲಿ ಹಾಕಿಕೊಂಡು ಬಂದೆ. ಅಜ್ಜಿ ಬೆಲ್ಲದ ಕಾಫಿ ಕೊಟ್ಟು, "ಟೀಚರಮ್ಮನ ಮಗ ಅಲ್ವಾ? ಈ ಸಲ ಬರ್ಕೊಳ್ಳೋಕೆ ನೀನೇ ಬಂದ್ಯಾ?" ಅಂದರು.

ಏನು ಹೇಳಬೇಕೋ ತೋಚಲಿಲ್ಲ. ಹೂಂ ಅಂದೆ.