ಮರಳಡಿಯ ಊರು

ಸಮುದ್ರವಿಲ್ಲದ ಸೀಮೆಯ ನಮಗೆ ತಲಕಾಡಿನ ಕಾವೇರಿಯೇ ಕಡಲತೀರ. ರಜೆ ಬಂದರೆ ಬುತ್ತಿ ಕಟ್ಟಿಕೊಂಡು ಒಡೆಯರಪಾಳ್ಯದಿಂದ ಹನೂರು, ಕೊಳ್ಳೇಗಾಲ ಹಾದು ಹೋಗುತ್ತೇವೆ. ಮಕ್ಕಳು ಮರಳಲ್ಲಿ ಗುಬ್ಬಿಗೂಡು ಕಟ್ಟುತ್ತವೆ. ಆ ಮರಳಿನಡಿಯಲ್ಲೇ ಗಂಗರ ರಾಜಧಾನಿ ಮಲಗಿದೆ. ಪಾತಾಳೇಶ್ವರನನ್ನು ಕಾಣಲು ಮೆಟ್ಟಿಲಿಳಿಯಬೇಕು. ಚೋಳರನ್ನು ಗೆದ್ದ ವಿಷ್ಣುವರ್ಧನ 1117ರ ಸುಮಾರಿಗೆ ಕಟ್ಟಿಸಿದ ಕೀರ್ತಿನಾರಾಯಣನ ಗುಡಿಯನ್ನೂ ಮರಳು ಬಿಟ್ಟಿರಲಿಲ್ಲ.

ಇದೆಲ್ಲ ಅಲಮೇಲಮ್ಮನ ಶಾಪವೆನ್ನುತ್ತಾರೆ. ಒಡವೆ ಕೇಳಿ ಬಂದ ರಾಜನ ಆಳುಗಳಿಂದ ಪಾರಾಗಲು ಮಾಲಂಗಿಯ ಮಡುವಿಗೆ ಹಾರಿದ ಹೆಣ್ಣಿನ ತಲೆಗೇ ಊರು ಹಾಳಾದ ಅಪವಾದ! ಹೊಳೆಯ ತಿರುವಿನಲ್ಲಿ ರಾಶಿಬಿದ್ದ ಮರಳನ್ನು ಮುಂಗಾರಿನ ಗಾಳಿ ಊರ ಮೇಲೆ ತೂರುತ್ತಿತ್ತು. ವರ್ಷಕ್ಕೆ 9-10 ಅಡಿ ಮುಂದೆ ಬರುತ್ತಿತ್ತೆಂದು ರೈಸ್ ಸಾಹೇಬರ ಮೈಸೂರು ಗೆಜೆಟಿಯರ್ ಹೇಳುತ್ತದೆ.

ಒಮ್ಮೆ ನಮ್ಮೂರ ಟಿಬೆಟ್ ಕ್ಯಾಂಪಿನ ಹಿರಿಯರೊಬ್ಬರು ಜೊತೆಗಿದ್ದರು. ಗುಡಿಗಳನ್ನೆಲ್ಲ ನೋಡಿ, "ದೇವರೆಲ್ಲ ಇಲ್ಲೇ ಅವ್ರೆ. ಜನ ಎಲ್ಲಿಗೆ ಹೋದ್ರು ಸಾಹೇಬ್ರೆ?" ಎಂದರು.

ಊರು ಬಿಟ್ಟು ಬಂದವರಿಗೆ ಮೊದಲು ಹೊಳೆಯುವ ಪ್ರಶ್ನೆ ಅದು. ಜನ ದೂರ ಹೋಗಲಿಲ್ಲ. ಮರಳು ಬಂದಂತೆಲ್ಲ ಮನೆ ಬಿಟ್ಟು ಹಿಂದೆ ಸರಿದರು, ಮತ್ತೆ ಒಲೆ ಹೂಡಿದರು. ಇಂದಿನ ತಲಕಾಡು ಹಾಗೆ ಉಳಿದ ಊರು. ಶಾಪದ ಕಥೆಯಲ್ಲಿ ರಾಜನಿದ್ದಾನೆ, ರಾಣಿಯಿದ್ದಾಳೆ. ಆ ಒಲೆಗಳಿಗೆ ಮಾತ್ರ ಜಾಗವಿಲ್ಲ.