ಸತ್ತಿದ್ದು ಬರೀ ಫೋಮ್

"ಈ ಸಬ್‌ವೂಫರ್ ಸತ್ತಿದೆ" ಅಂತ ಯಾರಾದರೂ ಅಂದರೆ ಮೊದಲು ಕೇಳಬೇಕಾದ್ದು ಒಂದೇ: ಯಾವ ಭಾಗ ಸತ್ತಿದೆ? ಮ್ಯಾಗ್ನೆಟ್ಟು, ವಾಯ್ಸ್ ಕಾಯಿಲ್, ಕೋನು, ಅದರ ಅಂಚಿನ ಫೋಮ್ ರಿಂಗು, ಹಿಂದಿನ ಆಂಪ್ಲಿಫೈಯರು ಎಲ್ಲವೂ ಒಟ್ಟಿಗೆ ಸಾಯೋದು ಅಪರೂಪ.

ತಿಪಟೂರಿನಲ್ಲಿರುವ ನನ್ನ ಸೋದರಮಾವ ಸೆಕೆಂಡ್ ಹ್ಯಾಂಡಲ್ಲಿ ಕೊಂಡಿದ್ದ 10 ಇಂಚಿನ ಸಬ್‌ವೂಫರಿಗೆ ಸುಮಾರು 25 ವರ್ಷ. ಮಾವ ಭಜನಾ ಮಂಡಳಿಯಲ್ಲಿ ತಬಲಾ ನುಡಿಸುತ್ತಿದ್ದವರು. ಕೈ ನಡುಕ ಶುರುವಾದ ಮೇಲೆ ಅದು ನಿಂತಿತು. ಹಳೇ ಕ್ಯಾಸೆಟ್‌ಗಳಲ್ಲಿ ತಮ್ಮದೇ ಡಗ್ಗಾ ಕೇಳೋದಷ್ಟೇ ಉಳಿದಿತ್ತು. ಈಗ ಅದಕ್ಕೂ ಕುತ್ತು. ಆನ್ ಮಾಡಿದರೆ 'ಗುಂಯ್' ಅನ್ನುತ್ತೆ, ಡಗ್ಗಾ ಪೆಟ್ಟು ಬಿದ್ದಾಗೆಲ್ಲ 'ಪರ್ರ್' ಅಂತ ಹರಿದ ಸದ್ದು. "ರಿಪೇರಿಯವ್ರು ಆಗಲ್ಲ ಅಂದ್ರು ಕಣೋ, ಗುಜರಿಗೆ ಹಾಕೋಣ" ಅಂದರು. "ದಸರಾ ರಜೆ ಮುಗಿಯೋವರೆಗೆ ಬಿಡಿ ಮಾವ" ಅಂದೆ.

ಮೊದಲು ಹಮ್. ಇನ್‌ಪುಟ್ ಕೇಬಲ್ ಕಿತ್ತೆ. ಸದ್ದು ನಿಂತಿದ್ದರೆ ದೋಷ ಕೇಬಲ್ಲಿಂದಲೋ ಗ್ರೌಂಡ್ ಲೂಪಿಂದಲೋ ಬರುತ್ತಿದೆ ಎಂದರ್ಥ. ನಿಲ್ಲಲಿಲ್ಲ. ಹಾಗಾದರೆ ಅನುಮಾನ ಪವರ್ ಸಪ್ಲೈ ಮೇಲೆ. ನಮ್ಮ 50 ಹರ್ಟ್ಸ್ ಕರೆಂಟು ಬ್ರಿಡ್ಜ್ ರೆಕ್ಟಿಫೈಯರ್ ದಾಟಿದರೆ 100 ಹರ್ಟ್ಸ್ ರಿಪಲ್ ಆಗುತ್ತೆ. ಅದನ್ನು ನುಂಗಬೇಕಾದ ಫಿಲ್ಟರ್ ಕೆಪಾಸಿಟರುಗಳು ತಲೆ ಉಬ್ಬಿಸಿಕೊಂಡು ಕೂತಿದ್ದವು. ಪ್ಲಗ್ ಕಿತ್ತು, ರೆಸಿಸ್ಟರ್ ಮೂಲಕ ಡಿಸ್‌ಚಾರ್ಜ್ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೇ ಕೈ ಹಾಕಿದೆ. ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ ಚಾರ್ಜ್ ಉಳಿದಿರುತ್ತೆ, ಹುಷಾರು. ಅದೇ ಮೈಕ್ರೋಫ್ಯಾರಡ್, ಅಷ್ಟೇ ವೋಲ್ಟೇಜಿನ ಹೊಸವನ್ನು ಹಾಕಿದೆ. ಹಮ್ ಹೋಯಿತು.

ಇನ್ನು ಡ್ರೈವರ್. 8 ಓಮ್ ಅಂತ ಬರೆದಿದ್ದ ಕಾಯಿಲ್ ಮಲ್ಟಿಮೀಟರಿನಲ್ಲಿ 6.2 ತೋರಿಸಿತು. ಗಾಬರಿ ಬೇಡ, ಬರೆದಿರುವುದು ಇಂಪಿಡೆನ್ಸ್, ಮೀಟರ್ ಅಳೆಯೋದು ಡಿಸಿ ರೆಸಿಸ್ಟೆನ್ಸ್. ಕಾಯಿಲ್ ಸುಟ್ಟು ತುಂಡಾಗಿದ್ದರೆ ಓಪನ್ ಸರ್ಕ್ಯೂಟ್ ಬರುತ್ತಿತ್ತು. ಎರಡೂ ಕೈಬೆರಳಿಂದ ಕೋನನ್ನು ಸಮವಾಗಿ ಒತ್ತಿದೆ, ಒಳಗೆ ಕೆರೆಯುವ ಸದ್ದಿಲ್ಲ. ಆದರೆ ಅಂಚಿನ ಫೋಮ್ ಮುಟ್ಟಿದರೆ ಹಳೇ ಹಪ್ಪಳದ ಹಾಗೆ ಪುಡಿಯಾಯಿತು. ಪಾಲಿಯುರೆಥೇನ್ ಫೋಮಿನ ಹಣೆಬರಹವೇ ಅದು. ಬಳಸದೆ ಇಟ್ಟರೂ ಗಾಳಿಯ ತೇವಕ್ಕೆ ವರ್ಷಗಳಲ್ಲಿ ಕೊಳೆಯುತ್ತೆ.

ವೈಬ್ರೇಶನ್ಸ್ ಪೇಪರಿನ ಮಾಸ್-ಸ್ಪ್ರಿಂಗ್ ಲೆಕ್ಕ ನೆನಪಿದೆಯಾ? ಕೋನು ಮಾಸ್, ಫೋಮು ಮತ್ತು ಸ್ಪೈಡರ್ ಸ್ಪ್ರಿಂಗ್. ಗಟ್ಟಿ ರಿಂಗ್ ಹಾಕಿದರೆ ರೆಸೋನೆನ್ಸ್ ಮೇಲೇರಿ, ಆಳದ ಸ್ವರ ಕಡಿಮೆಯಾಗುತ್ತೆ. ಅದಕ್ಕೇ ಅಳತೆ, ಮೃದುತನ ಎರಡೂ ಹೊಂದುವ ರಿಂಗ್ ತರಿಸಿದೆ. ಹಳೇ ಅಂಟು ಕೆರೆದು, ಮೊದಲು ಕೋನಿಗೆ ಅಂಟಿಸಿ ಒಣಗಲು ಬಿಟ್ಟೆ. ಆಮೇಲೆ ಫ್ರೇಮಿಗೆ, ನಿಧಾನವಾಗಿ ಒಣಗುವ ಬಿಳಿ ಅಂಟಿನಿಂದ. ಅದು ಹಸಿ ಇರುವಾಗಲೇ 30 ಹರ್ಟ್ಸ್ ಟೋನನ್ನು ಸಣ್ಣಗೆ ಹಾಕಿ, ಕಾಯಿಲ್ ಎಲ್ಲೂ ಉಜ್ಜದ ಹಾಗೆ ರಿಂಗನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋದೆ. ಕಿವಿಯೇ ಗೇಜು. ಒಂದು ದಿನ ಮುಟ್ಟಲಿಲ್ಲ.

ಮಾರನೇ ದಿನ ಮಾವ ತಾವೇ ಕ್ಯಾಸೆಟ್ ಹಾಕಿದರು. ಮೊದಲ ಪೆಟ್ಟಿಗೆ ಅವರ ಎಡಗೈ ತೊಡೆಯ ಮೇಲೆ ತಾಳ ಹಿಡಿಯಿತು, ನಡುಕದ ಜೊತೆಗೇ. ಎರಡು ಭಜನೆ ಆದ ಮೇಲೆ ಒಂದೇ ಮಾತು: "ಇಲ್ಲಿ ಲಯ ಸ್ವಲ್ಪ ಓಡಿಸಿದ್ದೆ ನೋಡು."

ಒಟ್ಟು ಖರ್ಚು ಸಾವಿರ ರೂಪಾಯಿ ದಾಟಲಿಲ್ಲ. ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದೊಂದು ಇದ್ದರೆ, ಗುಜರಿಯವನ ತಕ್ಕಡಿಗಿಂತ ಮೊದಲು ನಿಮ್ಮ ಮಲ್ಟಿಮೀಟರು ಅದನ್ನು ಮುಟ್ಟಲಿ.